ಅರ್ಧಕ್ಕೇ ನಿಲ್ಲುವ ಅಂಕಿ

ಮಷಿನ್ ಪೂರ್ತಿ ಕೆಟ್ಟಿದೆ ಎಂದು ಫೋನ್ ಬಂದರೆ ನನಗೆ ಚಿಂತೆಯಿಲ್ಲ. ಪೂರ್ತಿ ಕೆಟ್ಟದ್ದು ಸುಮ್ಮನೆ ಕೂತಿರುತ್ತದೆ, ಹೋಗಿ ಹುಡುಕಬಹುದು. ನಾನು ಹೆದರುವುದು "ಒಮ್ಮೊಮ್ಮೆ ಬರತೈತಿ, ಒಮ್ಮೊಮ್ಮೆ ಬರಂಗಿಲ್ರಿ" ಎಂಬ ಮಾತಿಗೆ. ಆ ಬೆಳಿಗ್ಗೆ ನಾನು ಕಿತ್ತೂರಿನಲ್ಲಿ ಒಂದು ತೂಕದ ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಾಗ ಸವದತ್ತಿಯ ಲ್ಯಾಬಿನ ಮಾಲಕರು ಫೋನಿನಲ್ಲಿ ಹೇಳಿದ್ದು ಇದೇ ಮಾತು.

"ಸರ, ಪಾಸ್ ಆಗಬೇಕಾದ ಕ್ಯೂಬ್ ಒಮ್ಮೊಮ್ಮೆ ಫೇಲ್ ಅಂತ ಬರಾಕ ಹತ್ಯಾವ್ರಿ. ಹಿಂಗಾದ್ರ ನನ್ನ ಲ್ಯಾಬಿಗೆ ಯಾರ ಬರತಾರ? ನೀವು ಎಲ್ಲೇ ಇರ್ರಿ, ಇವತ್ತ ಬಂದಬಿಡ್ರಿ."

ಅವರ ಲ್ಯಾಬಿನಲ್ಲಿ ಪರೀಕ್ಷೆಯಾಗುವುದು ರಕ್ತವಲ್ಲ, ಕಾಂಕ್ರೀಟ್. ಸೇತುವೆಗೋ ನೀರಿನ ಟಾಕಿಗೋ ಕಾಂಕ್ರೀಟ್ ಹಾಕುವಾಗ ಅದೇ ಮಾಲಿನಿಂದ ಕೆಲವು ಚೌಕ ಗಡ್ಡೆಗಳನ್ನು ಅಚ್ಚು ಹಾಕಿ ತೆಗೆದಿಡುತ್ತಾರೆ. ಅವೇ ಕ್ಯೂಬುಗಳು. ಇಪ್ಪತ್ತೆಂಟು ದಿನ ನೀರಲ್ಲಿ ನೆನೆಸಿ, ಆಮೇಲೆ ಮಷಿನ್ನಿನ ಎರಡು ಉಕ್ಕಿನ ಹಲಗೆಗಳ ನಡುವೆ ಇಟ್ಟು ಒತ್ತಿ ಒಡೆಯುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತೋ ಅದು ಆ ಕಾಂಕ್ರೀಟಿನ ಶಕ್ತಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಈ ಕೆಲಸ ನೋಡಿಯೇ ಹುಟ್ಟಿರಬೇಕು. ಒಮ್ಮೆ ಒಡೆದ ಕ್ಯೂಬನ್ನು ಇನ್ನೊಮ್ಮೆ ಪರೀಕ್ಷೆ ಮಾಡಲಾಗುವುದಿಲ್ಲ.

ಭಾರದ ಅಂಕಿ ಕಿಲೋನ್ಯೂಟನ್ ಲೆಕ್ಕದಲ್ಲಿ ಮಷಿನ್ನಿನ ಪುಟ್ಟ ಪರದೆಯ ಮೇಲೆ ಕಾಣುತ್ತದೆ. ಅಲ್ಲಿಂದ ಒಂದು ಸೀರಿಯಲ್ ಕೇಬಲ್ ಅದನ್ನು ಕಂಪ್ಯೂಟರಿಗೆ ಒಯ್ಯುತ್ತದೆ. ಕೈಯಿಂದ ಅಂಕಿ ತುಂಬಲು ಸಾಫ್ಟ್‌ವೇರಿನಲ್ಲಿ ಜಾಗವೇ ಇಲ್ಲ. ಫೇಲಾದದ್ದನ್ನು ಪಾಸು ಮಾಡುವ ಜಾಣರು ಎಲ್ಲ ಕಾಲದಲ್ಲೂ ಇರುವುದರಿಂದ ಹೀಗೆ ಬಿಗಿ ಮಾಡಿದ್ದಾರೆ. ಹಾಗಾಗಿ ಮನುಷ್ಯ ಕಣ್ಣಾರೆ ಕಂಡದ್ದಕ್ಕೆ ಬೆಲೆಯಿಲ್ಲ, ಕೇಬಲ್ಲಿನಲ್ಲಿ ಬಂದದ್ದೇ ಸತ್ಯ.

ಕಿತ್ತೂರಿನ ಕೆಲಸ ಹೇಗೋ ಮುಗಿಸಿ ಬೈಲಹೊಂಗಲಕ್ಕೆ ಬಂದು, ಮನೆಯಿಂದ ಉಕ್ಕಿನ ರಿಂಗ್ ತೆಗೆದುಕೊಂಡೆ. ಮಷಿನ್ನಿನ ಲೆಕ್ಕ ಸರಿಯಿದೆಯೋ ಎಂದು ತಾಳೆ ನೋಡುವ ಸಾಧನವಿದು. ಎಷ್ಟು ಒತ್ತಿದರೂ ಒಡೆಯದೆ ತುಸು ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಅದರ ಮರದ ಪೆಟ್ಟಿಗೆಯನ್ನು ಬೈಕಿನ ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿಯುವಾಗ ಹೆಂಡತಿ ಊಟಕ್ಕೆ ಕರೆದಳು. ಬುತ್ತಿ ಕಟ್ಟಲು ಹೇಳಿ, ಅದನ್ನೂ ಮರೆತು ಹೊರಟೆ. ಮಿರಗ, ಅಂದರೆ ಮೃಗಶಿರಾ ಮಳೆ ಕೂಡಲು ಇನ್ನು ನಾಲ್ಕಾರು ದಿನವಷ್ಟೇ. ಪಡುವಣ ದಿಕ್ಕಿಗೆ ಮೋಡ ಹೆಪ್ಪುಗಟ್ಟುತ್ತಿತ್ತು.

ಲ್ಯಾಬಿನಲ್ಲಿ ಇಬ್ಬರಿದ್ದರು. ಒಬ್ಬರು ಮಷಿನ್ ನಡೆಸುವವರು, ಹಣೆ ತುಂಬ ವಿಭೂತಿ, ಹೆಗಲಿಗೆ ಟವೆಲ್ಲು. ಅವರಿಗೆ ಎಲ್ಲರೂ ಕಾಕಾ ಎನ್ನುತ್ತಾರೆ, ನಾನೂ. ಇನ್ನೊಬ್ಬರು ಒಬ್ಬ ಹೆಣ್ಣುಮಗಳು, ಬಾಗಿಲಲ್ಲೇ ನಿಂತು ಮುಗಿಲು ನೋಡುತ್ತಿದ್ದರು. ಹೂಲಿಯ ಕಡೆ ಒಂದು ಹಳ್ಳಕ್ಕೆ ಕಟ್ಟುತ್ತಿರುವ ಸಣ್ಣ ಸೇತುವೆಯ ಸೈಟ್ ಎಂಜಿನಿಯರ್. ಅವರ ಹೆಗಲಚೀಲದಿಂದ ಒಂದು ತೆಂಗಿನಕಾಯಿಯ ಜುಟ್ಟು ಇಣುಕುತ್ತಿತ್ತು. ಎಲ್ಲೋ ಗುಡಿಗೆ ಹೊರಟವರಿರಬೇಕು ಅಂದುಕೊಂಡೆ.

"ಮೊದ್ಲ ಕುಂದರ್ರಿ ಸರ, ಚಾ ತರಸ್ತೇನಿ," ಎಂದರು ಕಾಕಾ.

"ಕುಂದ್ರಾಕ ಬಂದಿಲ್ಲ ಕಾಕಾ. ಏನಾತು ಹೇಳ್ರಿ."

ಹೇಳಿದ್ದು ಮೇಡಂ. ಅವರು ರಾಮದುರ್ಗದವರು, ಮಾತು ಪಟಪಟ. "ಆರು ಕ್ಯೂಬ್ ತಂದಿದ್ನಿರಿ. ನಿನ್ನೆ ಮೂರ ಒಡದ್ವಿ. ಮಷಿನ್ನಿನ ಮ್ಯಾಲ ಎಂಟುನೂರರ ಮ್ಯಾಲ ತೋರಿಸ್ತು, ನಾನ ನೋಡೇನಿ, ಕಾಕಾ ನೋಡ್ಯಾರ. ಕಂಪ್ಯೂಟರ್ ನೋಡಿದ್ರ ಅದರ ಅರ್ಧಾನೂ ಬರದಿಲ್ಲ. ಫೇಲ್ ಅಂತ ರಿಪೋರ್ಟ್ ತಾನ ಇಲಾಖೆ ಆಫೀಸಿಗೆ ಹೋತು. ಈಗ ಉಳದಿದ್ದು ಮೂರ. ಇವೂ ಫೇಲ್ ಅಂದ್ರ ಸ್ಲ್ಯಾಬ್ ಒಡೀರಿ ಅಂತಾರ. ನಂದು ಮೊದಲನೇ ಬ್ರಿಜ್ ಐತ್ರಿ ಇದು."

"ಪಾಸ್ ಆಗೂತನಕ ಸೆಂಟ್ರಿಂಗ್ ಬಿಚ್ಚಂಗಿಲ್ಲ," ಎಂದು ಕಾಕಾ ಸೇರಿಸಿದರು.

ಸೆಂಟ್ರಿಂಗ್ ಎಂದರೆ ಸ್ಲ್ಯಾಬಿಗೆ ಕೆಳಗಿನಿಂದ ಆಸರೆಯಾಗಿ ನಿಲ್ಲಿಸಿದ ಜಾಕು, ಹಲಗೆ, ಪೈಪುಗಳು. ಇಲ್ಲಿ ಅವು ನಿಂತಿದ್ದು ಹಳ್ಳದ ಒಡಲಲ್ಲಿ. ಈಗ ಒಣ ಮರಳು. ಮೇಲೆ ಎಲ್ಲೋ ಒಂದು ಜೋರು ಮಳೆ ಬಿದ್ದರೆ ಸಾಕು, ಹಳ್ಳ ಜಾಲಿಮುಳ್ಳು, ಕೊರಡು ಎಲ್ಲ ತಂದು ಆ ಪೈಪುಗಳಿಗೆ ತುರುಕುತ್ತದೆ. ನೀರಿಗೆ ಅದೇ ಒಡ್ಡಾಗುತ್ತದೆ. ಆಮೇಲೆ ಪೈಪು ಹೋಗುತ್ತದೋ, ಪೈಪಿನ ಜೊತೆ ಸ್ಲ್ಯಾಬೂ ಹೋಗುತ್ತದೋ ಯಾರೂ ಹೇಳಲಾರರು. ನಾನೂ ಒಮ್ಮೆ ಮುಗಿಲು ನೋಡಿದೆ. ಮೈಯಲ್ಲಿ ಇರುವೆ ಬಿಟ್ಟಂತಾಯಿತು.

ಕೆಲಸ ಶುರು ಮಾಡಿದೆ. ಹೊಸ ಕಂಪ್ಯೂಟರುಗಳಿಗೆ ಹಳೆಯ ಸೀರಿಯಲ್ ಪೋರ್ಟ್ ಇರುವುದಿಲ್ಲ. ನಡುವೆ ಒಂದು ಸಣ್ಣ ಕನ್ವರ್ಟರ್ ಸಿಕ್ಕಿಸಿದ್ದರು. ನನಗೆ ಮೊದಲು ಅನುಮಾನ ಬರುವುದು ಈ ಕನ್ವರ್ಟರಿನ ಮೇಲೆಯೇ. ಪೋರ್ಟಿನ ನಂಬರು ಸರಿಯಿತ್ತು. ಮಷಿನ್ ಮಾತಾಡುವ ವೇಗ, ಕಂಪ್ಯೂಟರ್ ಕೇಳುವ ವೇಗ ಎರಡೂ ಒಂದೇ ಇದ್ದವು. ಕನ್ವರ್ಟರಿನ ಎರಡನೇ ಮತ್ತು ಮೂರನೇ ಪಿನ್ನಿಗೆ ಒಂದು ಕಾಗದದ ಕ್ಲಿಪ್ ಸಿಕ್ಕಿಸಿ, ಕೀಬೋರ್ಡಿನಲ್ಲಿ ಒತ್ತಿದ ಅಕ್ಷರ ಹೊರಗೆ ಹೋಗಿ ತಿರುಗಿ ಬರುತ್ತದೋ ನೋಡಿದೆ. ಬಂತು. ಕೇಬಲ್ ಸಿಕ್ಕಿಸಿ, ಮಷಿನ್ ಕಳಿಸುವುದನ್ನು ಇದ್ದ ಹಾಗೆಯೇ ತೋರಿಸುವ ಕಿಟಕಿಯನ್ನು ಪರದೆಯ ಮೇಲೆ ತೆರೆದೆ. ಅಂಕಿಗಳು ಇಸ್ತ್ರಿ ಮಾಡಿದ ಅಂಗಿಯ ಹಾಗೆ ಸಾಲಾಗಿ ಇಳಿದವು.

ಮೊಣಕಾಲೂರಿ ಮಷಿನ್ನಿನ ಹಿಂದೆ ತೂರಿ ಕೇಬಲ್ ಪರೀಕ್ಷಿಸಿದೆ. ಅದರಲ್ಲಿರುವುದು ಮೂರೇ ತಂತಿ. ಒಂದು ಹೇಳುವುದಕ್ಕೆ, ಒಂದು ಕೇಳುವುದಕ್ಕೆ, ಮೂರನೆಯದು ಇಬ್ಬರಿಗೂ ಸೊನ್ನೆ ಎಲ್ಲಿದೆ ಎಂದು ತೋರಿಸುವ ನೆಲದ ತಂತಿ. ಮೀಟರ್ ಇಟ್ಟರೆ ಮೂರಕ್ಕೂ ಕುಂಯ್ ಎಂದಿತು, ಯಾವುದೂ ತುಂಡಾಗಿಲ್ಲ. ಕೇಬಲ್ ಸರಿಯಿದೆ ಎಂದು ತೀರ್ಮಾನ ಮಾಡಿ, ಮುಂಗೈ ಮೇಲೆ ಹರಿಯುತ್ತಿದ್ದ ನಾಲ್ಕು ಇರುವೆಗಳನ್ನು ಕೊಡವಿ ಎದ್ದೆ.

ಆಮೇಲೆ ರಿಂಗ್ ಇಟ್ಟು ಮೋಟಾರ್ ಹಾಕಿಸಿದೆ. ಮಷಿನ್ ಗುಂಯ್‌ಗುಟ್ಟುತ್ತ ಒತ್ತತೊಡಗಿತು. ನೂರು, ಇನ್ನೂರು, ಮುನ್ನೂರು. ಮಷಿನ್ನಿನ ಪರದೆ, ಕಂಪ್ಯೂಟರಿನ ಪರದೆ ಜೋಡೆತ್ತಿನ ಹಾಗೆ ಸಮನಾಗಿ ಸಾಗಿದವು. ಭಾರ ಏರಿದಂತೆ ಮಷಿನ್ನಿನ ಮೈ ನಡುಗತೊಡಗಿತು. ನಾನೂರು ದಾಟುತ್ತಿದ್ದಂತೆ ಕಂಪ್ಯೂಟರಿನಲ್ಲಿ ಅಂಕಿ ಹೋಗಿ ಚುಕ್ಕಿ, ಕೊಕ್ಕೆ, ಯಾವ ದೇಶದ್ದೋ ಅಕ್ಷರ ಬರತೊಡಗಿದವು. ಮಷಿನ್ನಿನ ಪರದೆ ಮಾತ್ರ ತನ್ನ ಪಾಡಿಗೆ ಏರುತ್ತಲೇ ಇತ್ತು.

ಅರ್ಧ ಗುಟ್ಟು ಅಲ್ಲಿ ಬಯಲಾಯಿತು. ಸಾಫ್ಟ್‌ವೇರ್ ಕಸವನ್ನು ಬಿಟ್ಟು ಅಂಕಿಯನ್ನಷ್ಟೇ ತೆಗೆದುಕೊಳ್ಳುತ್ತಿತ್ತು. ಅಂಕಿ ನಾನೂರಕ್ಕೆ ನಿಂತರೆ ಅದಕ್ಕೆ ಕ್ಯೂಬ್ ನಾನೂರಕ್ಕೆ ಒಡೆದ ಹಾಗೆ. ಮೇಡಂನ ಗಟ್ಟಿ ಕಾಂಕ್ರೀಟನ್ನು ಫೇಲ್ ಮಾಡಿದ್ದು ಕಾಂಕ್ರೀಟ್ ಅಲ್ಲ, ಅರ್ಧಕ್ಕೇ ನಿಂತ ಈ ಮಾತು. ಆದರೆ ಮಾತು ಎಲ್ಲಿ ನಿಲ್ಲುತ್ತಿದೆ?

ಇಲ್ಲಿಂದ ಮುಂದೆ ನಾನು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಮಾಡಿದೆ. ಕನ್ವರ್ಟರ್ ಬದಲಿಸಿದೆ. ಕಸವೇ. ಮೋಟಾರಿನ ಗದ್ದಲ ಕರೆಂಟಿನ ದಾರಿಯಲ್ಲಿ ನುಗ್ಗುತ್ತಿರಬಹುದೆಂದು ಕಂಪ್ಯೂಟರಿನ ಪ್ಲಗ್ಗನ್ನು ಪಕ್ಕದ ಕೋಣೆಗೆ ಒಯ್ದೆ, ಅದಕ್ಕಾಗಿ ಮೇಜನ್ನು ಎಳೆದೆ, ಕೇಬಲ್ಲನ್ನು ಬಿಗಿದೆ. ಮತ್ತೆ ಮೋಟಾರ್ ಹಾಕಬೇಕು, ಕರೆಂಟೇ ಹೋಯಿತು. ಕಾಕಾ ನಕ್ಕರು, "ಈಗರೆ ಕುಂದರ್ರಿ ಸರ." ನನಗೆ ನಗು ಬರಲಿಲ್ಲ. ಬಾಗಿಲಿಂದ ಮಷಿನ್ನಿಗೆ, ಮಷಿನ್ನಿಂದ ಬಾಗಿಲಿಗೆ ಓಡಾಡಿದೆ. ಮೇಡಂ ಹಳ್ಳದ ಹತ್ತಿರವಿದ್ದ ಮೇಸ್ತ್ರಿಗೆ ಫೋನ್ ಹಚ್ಚಿ, "ಹನಿ ಬಿತ್ತೇನು? ಗಾಳಿ ಯಾ ಕಡೆ ಐತಿ?" ಎಂದು ಅದನ್ನೇ ಕೇಳುತ್ತಿದ್ದರು. ಮಾಲಕರು ನನಗೆ ಫೋನ್ ಹಚ್ಚಿ, "ಆತೇನ್ರಿ? ಇನ್ನೆಷ್ಟೊತ್ತು?" ಎಂದು ಕೇಳುತ್ತಿದ್ದರು.

ಕರೆಂಟು ಬಂತು. ಮೋಟಾರ್ ಹಾಕಿದೆವು. ನಾನೂರು, ಐದುನೂರು, ಏಳುನೂರು, ಎಂಟುನೂರು. ಒಂದು ಚುಕ್ಕಿ ಕಸವಿಲ್ಲ! ಇಳಿಸಿ ಮತ್ತೆ ಏರಿಸಿದೆವು. ಮತ್ತೂ ಒಮ್ಮೆ. ಎಲ್ಲ ಸಲವೂ ಸ್ವಚ್ಛ.

"ಆತಲ್ರಿ!" ಎಂದು ಕಾಕಾ ಟವೆಲ್ಲು ಕೊಡವಿ ನೀರಿನ ತೊಟ್ಟಿಯಿಂದ ಒಂದು ಕ್ಯೂಬ್ ಎತ್ತಿಯೇ ಬಿಟ್ಟರು. ಮೇಡಂ ಮುಖದ ಮೇಲೆ ಆ ದಿನ ಮೊದಲ ಸಲ ಬೆಳಕು ಬಂದಿತ್ತು. ಚೀಲದಿಂದ ತೆಂಗಿನಕಾಯಿ ಹೊರಗೆ ತೆಗೆದರು.

"ಕಾಕಾ, ಕ್ಯೂಬ್ ಕೆಳಗ ಇಡ್ರಿ," ಎಂದೆ.

"ಯಾಕ್ರಿ?"

"ಯಾಕ ಸರಿ ಆತು ಅಂತ ನನಗ ಗೊತ್ತಿಲ್ಲ."

ಮೇಡಂ ತಿರುಗಿ ನೋಡಿದರು. "ಸರ, ಚಲೋ ನಡ್ಯಾಕ ಹತ್ತೈತಿ. ಮ್ಯಾಲ ನೋಡ್ರಿ ಹೆಂಗ ಕಪ್ಪಾಗೈತಿ. ನಡಿಯೂವಾಗ ಮೂರ ಕ್ಯೂಬ್ ಒಡದ ಬಿಟ್ರ ನನ್ನ ಕೆಲಸ ಮುಗೀತೈತಿ. ನಿಮ್ಮ ಕಾರಣ ನಾಳೆ ಹುಡುಕ್ಕೊಳ್ರಿ."

ಅವರ ಮಾತು ತಪ್ಪಲ್ಲ. ನಾನು ಅವರ ಜಾಗದಲ್ಲಿದ್ದರೆ ಅದನ್ನೇ ಅನ್ನುತ್ತಿದ್ದೆ, ಇನ್ನೂ ಜೋರಾಗಿ. ಆದರೆ ಇಷ್ಟು ವರ್ಷ ಈ ಕಸುಬಿನಲ್ಲಿ ತಿರುಗಿ ನಾನು ಗಟ್ಟಿಯಾಗಿ ನಂಬಿದ್ದು ಒಂದೇ ಮಾತು, ತಾನಾಗಿ ಹೋದ ರೋಗ ತಾನಾಗಿಯೇ ಬರುತ್ತದೆ. ಎರಡನೇ ಕ್ಯೂಬು ಅರ್ಧ ಒತ್ತಿದಾಗ ಬಂದರೆ ಅದನ್ನು ತಿರುಗಿ ಜೋಡಿಸಿ ಕೊಡುವವರು ಯಾರು?

"ಒಡೀಬ್ಯಾಡ್ರಿ ಮೇಡಂ. ಒಡದ್ರ ನಾ ಇಲ್ಲಿಂದ ಹೋಗತೇನಿ," ಎಂದೆ. ಸಿಟ್ಟಿನಿಂದ ಬಂದ ಮಾತು, ಆದರೂ ನಿಜವಾಗಿ ಹೇಳಿದ್ದೆ. ಅವರು ಕಾಯಿಯನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಹೋಗಿ ನಿಂತರು.

ಮಾಡಿದ್ದನ್ನೆಲ್ಲ ಒಂದೊಂದಾಗಿ ಮೊದಲಿನ ಹಾಗೆ ತಿರುಗಿಸುತ್ತ ಹೋದೆ. ಹಳೆಯ ಕನ್ವರ್ಟರ್ ಮತ್ತೆ ಹಾಕಿ ರಿಂಗ್ ಒತ್ತಿದೆ, ಸ್ವಚ್ಛ. ಅಂದರೆ ಗುಣ ಮಾಡಿದ್ದು ಹೊಸ ಕನ್ವರ್ಟರ್ ಅಲ್ಲ. ಮೇಜನ್ನು ಇದ್ದಲ್ಲೇ ಬಿಟ್ಟು ಪ್ಲಗ್ಗನ್ನಷ್ಟೇ ಹಳೆಯ ಜಾಗಕ್ಕೆ ತಂದೆ, ಸ್ವಚ್ಛ. ಅದೂ ಅಲ್ಲ. ಕಾಕಾ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡುತ್ತಿದ್ದರು. ಸರಿಯಾದದ್ದನ್ನು ಕೆಡಿಸಲು ಇಷ್ಟು ಬೆವರು ಸುರಿಸುವವನನ್ನು ಅವರು ಕಂಡಿರಲಿಕ್ಕಿಲ್ಲ. ಹಾಗಾದರೆ ನಾನು ಮುಟ್ಟಿದ್ದರಲ್ಲಿ ಉಳಿದದ್ದೇನು? ಮೇಜು ಎಳೆಯುವಾಗ ಬಿಗಿದ ಕೇಬಲ್ಲು.

ಮತ್ತೆ ಮಷಿನ್ನಿನ ಹಿಂದೆ ತೂರಿದೆ. ಮತ್ತೆ ಮುಂಗೈ ಮೇಲೆ ಇರುವೆ. ಕೊಡವಲು ಕೈ ಎತ್ತಿದವನು ಹಾಗೇ ನಿಂತೆ. ಗೋಡೆಯ ಬಿರುಕಿನಿಂದ ಒಂದು ಸಾಲು ಹೊರಟು, ನೆಲದಗುಂಟ ಬಂದು, ಮಷಿನ್ನಿನ ಕಾಲು ಹತ್ತಿ, ಕೇಬಲ್ಲಿನ ತುದಿಯ ಪ್ಲಾಸ್ಟಿಕ್ ಗೂಡಿನೊಳಗೆ ಹೋಗುತ್ತಿತ್ತು. ಇನ್ನೊಂದು ಸಾಲು ಹೊರಗೆ ಬರುತ್ತಿತ್ತು. ಸಿಹಿಯಿಲ್ಲದ ಕಡೆ ಇರುವೆ ಇಷ್ಟು ಶಿಸ್ತಾಗಿ ಹೋಗುವುದಿಲ್ಲ. ಸೀರಿಯಲ್ ಕೇಬಲ್ಲಿನೊಳಗೆ ಏನು ಸಿಹಿ?

ಗೂಡಿನ ಎರಡು ಸ್ಕ್ರೂ ತೆಗೆದು ಬಿಚ್ಚಿದೆ. ಹುಳಿತ ವಾಸನೆ. ಒಳಗೆಲ್ಲ ಅಂಟು ಅಂಟು. ನಡುವೆ ಹಸಿರು ಪುಡಿ. ಆ ಹಸಿರು ನನಗೆ ಹೊಸದಲ್ಲ. ನಮ್ಮದು ಪೂಜೆಯ ಮನೆತನ. ತಂದೆಯವರು ಅಭಿಷೇಕ ಮಾಡಿ ಇಟ್ಟ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು ಚಿಕ್ಕಂದಿನಲ್ಲಿ ನನ್ನ ಪಾಲಿನ ಕೆಲಸವಾಗಿತ್ತು. ತೊಳೆಯದೆ ಬಿಟ್ಟರೆ ತಂಬಿಗೆಯ ಕಂಠದಲ್ಲಿ ಏಳುತ್ತಿದ್ದದ್ದು ಇದೇ ಹಸಿರು.

ನೆಲದ ತಂತಿ ಕೊಳೆತು ಪುಡಿಯಾಗಿ ಒಂದೇ ಎಳೆ ಉಳಿದಿತ್ತು. ಮಷಿನ್ ಸುಮ್ಮನಿದ್ದಾಗ ಆ ಎಳೆ ಪಿನ್ನಿಗೆ ತಾಗಿಕೊಂಡಿರುತ್ತದೆ, ಮೀಟರ್ ಕುಂಯ್ ಎನ್ನುತ್ತದೆ. ಭಾರ ಏರಿ ಮಷಿನ್ ನಡುಗಿದರೆ ಬಿಡುತ್ತದೆ, ಸೊನ್ನೆ ತಪ್ಪಿ ಅಂಕಿ ಕಸವಾಗುತ್ತದೆ. ನಾನು ಕೇಬಲ್ ಎಳೆದಾಗ ಅದು ಬಿಗಿದು ಗಟ್ಟಿಯಾಗಿ ತಾಗಿ, ನಮ್ಮನ್ನೆಲ್ಲ ಖುಷಿ ಪಡಿಸಿತ್ತು.

"ಕಾಕಾ, ಇಲ್ಲಿ ಏನ ಚೆಲ್ಲೀರಿ?"

"ಏನೂ ಚೆಲ್ಲಿಲ್ರಿ. ಮಷಿನ್ನಿನ ಹತ್ರ ನಾ ಚಾದ ಕಪ್ಪೂ ಇಡಗೊಡಂಗಿಲ್ಲ," ಎಂದು ಅವರು ನೊಂದುಕೊಂಡೇ ಹೇಳಿದರು. ಆಮೇಲೆ ಅವರ ಕಣ್ಣು ಮೇಜಿನ ಮೇಲಿನ ಕಾಯಿಯ ಕಡೆ ಹೋಯಿತು. ನನ್ನ ಕಣ್ಣೂ ಹೋಯಿತು.

"ಅಮಾಸಿಗೊಮ್ಮೆ ಕಾಯಿ ಒಡೀತೇವ್ರಿ," ಎಂದರು ಮೆಲ್ಲಗೆ. "ನೀರ ಮಷಿನ್ನಿನ ಮ್ಯಾಲ ಚಿಮಕಸ್ತೇನಿ. ಮತ್ತ ದೊಡ್ಡ ಕೆಲಸದ ಕ್ಯೂಬ್ ಇದ್ರ ಅವರೂ ಒಂದ ಕಾಯಿ ತರತಾರ. ಪಾಸ್ ಆಗಲಿ ಅಂತ."

"ಮೊನ್ನೆ ಮೊನ್ನೆ ಫೇಲ್ ಬರಾಕ ಸುರು ಆದಮ್ಯಾಲ?"

"ಆಮ್ಯಾಲ ಭಾಳ ಮಂದಿ ತರಾಕ ಹತ್ತಿದ್ರು. ಒಬ್ಬರಂತೂ ಕ್ಯೂಬಿಗೊಂದ ಒಡಸಿದ್ರು."

ಬಾಗಿಲಲ್ಲಿ ಮೇಡಂ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ನಿನ್ನೆ ನಾನೂ ಒಡಸೇನ್ರಿ," ಎಂದರು. "ಇವತ್ತಿಂದು ಅಲ್ಲಿ ಮೇಜಿನ ಮ್ಯಾಲ ಐತಿ."

ಮೂವರೂ ಕಾಯಿ ನೋಡಿದೆವು. ಕ್ಯೂಬು ಫೇಲಾದಷ್ಟೂ ಕಾಯಿ, ಕಾಯಿ ಒಡೆದಷ್ಟೂ ನೀರು ಮಷಿನ್ನಿನ ಬೆನ್ನಗುಂಟ ಇಳಿದು ಈ ಗೂಡಿಗೆ, ಗೂಡು ಕೊಳೆತಷ್ಟೂ ಫೇಲು. ನನಗೆ ತಡೆಯಲಾರದ ನಗು ಬಂತು. ಕಾಕಾನ ಮುಖ ನೋಡಿ ನುಂಗಿಕೊಂಡೆ. ಆ ಮನುಷ್ಯ ಮಷಿನ್ನಿನ ಮೇಲಿನ ಪ್ರೀತಿಯಿಂದ ಮಾಡಿದ್ದು ಅದು. ನಾನೂ ಹೊಸ ಬೈಕಿನ ಗಾಲಿಗೆ ನಿಂಬೆಹಣ್ಣು ಇಟ್ಟವನೇ.

ಚೀಲದಲ್ಲಿದ್ದ ಹೊಸ ಕೇಬಲ್ಲಿನ ತುದಿ ಬೆಸೆದೆ. ಅವಸರಕ್ಕೆ ಒಂದು ಸಲ ಬೆರಳು ಸುಟ್ಟುಕೊಂಡೆ. ಮಷಿನ್ನಿನ ಕಡೆಯ ಪಿನ್ನುಗಳನ್ನು ಉಜ್ಜಿ ತೊಳೆದು ಒರೆಸಿ, ಹೊಸದನ್ನು ಸಿಕ್ಕಿಸಿ, ರಿಂಗ್ ಒತ್ತಿದೆವು. ಸ್ವಚ್ಛ. ಕಾಕಾ ಮತ್ತೆ ತೊಟ್ಟಿಯ ಕಡೆ ಹೊರಟರು.

"ಇನ್ನೊಂದ ಸಲ, ಹಳೇ ಕೇಬಲ್ ಹಾಕತೇನಿ."

"ಯಪ್ಪಾ, ಮತ್ತ ಯಾಕ ಕೆಡಸ್ತೀರಿ!" ಎಂದು ಕಾಕಾ ಕೈ ಮುಗಿದರು. ಈ ಸಲ ಅವರನ್ನು ತಡೆದದ್ದು ಮೇಡಂ. "ಹಾಕಲಿ ಬಿಡ್ರಿ ಕಾಕಾ. ಅದ ಹೌದೋ ಅಲ್ಲೋ ನನಗೂ ಗೊತ್ತಾಗಬೇಕು."

ಹಳೆಯದನ್ನು ಎಳೆಯದೆ, ಮೊದಲಿದ್ದ ಹಾಗೇ ಜೋತು ಬಿಟ್ಟೆ. ಮುನ್ನೂರು. ನಾನೂರು. ಚುಕ್ಕಿ, ಕೊಕ್ಕೆ, ಪರದೇಶಿ ಅಕ್ಷರ. ಕಸ ನೋಡಿ ಅಷ್ಟು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಹಳೆಯ ಕೇಬಲ್ಲನ್ನು ಕತ್ತರಿಸಿ ತುಂಡು ಮಾಡಿ ಬುಟ್ಟಿಗೆ ಹಾಕಿ, ಹೊಸದನ್ನು ಬಿಗಿದು, "ಈಗ ತರ್ರಿ," ಎಂದೆ.

ಮೊದಲ ಕ್ಯೂಬು ಇಟ್ಟರು. ಮೇಡಂ ಮಷಿನ್ನಿನ ಪರದೆ ನೋಡುತ್ತಿದ್ದರು, ನಾನು ಕಂಪ್ಯೂಟರಿನದು, ಇಬ್ಬರೂ ಬಾಯಲ್ಲಿ ಅಂಕಿ ಹೇಳುತ್ತ ಹೋದೆವು. ಅವರ ಅಂಕಿ, ನನ್ನ ಅಂಕಿ ಒಂದಕ್ಕೊಂದು ಕೈ ಬಿಡದೆ ಎಂಟುನೂರು ದಾಟಿದವು. ಧಪ್ ಎಂದು ಕ್ಯೂಬು ಬಿರಿಯಿತು. ಕಂಪ್ಯೂಟರ್ ಪಾಸ್ ಎಂದು ಬರೆಯಿತು. ಎರಡನೆಯದು, ಮೂರನೆಯದು ಕೂಡ. ಮೂರನೆಯದರ ಅಂಕಿ ಮೂಡುವ ಹೊತ್ತಿಗೆ ಮೇಡಂ ಫೋನಿನಲ್ಲಿ ಮೇಸ್ತ್ರಿಗೆ ಕೂಗುತ್ತಿದ್ದರು. ಆಫೀಸಿನಿಂದ ಹೂಂ ಬಂದ ಕೂಡಲೇ ಕಾಯಿ ಎತ್ತಿಕೊಂಡು ಸ್ಕೂಟಿ ಹತ್ತಿ ಹೋದರು. ನನಗೆ ಹೋಗಿ ಬರುತ್ತೇನೆ ಎಂದೂ ಹೇಳಲಿಲ್ಲ.

ನಾನು ಕೇಬಲ್ಲನ್ನು ಮಷಿನ್ನಿನ ಬೆನ್ನಿನಿಂದ ಬಿಡಿಸಿ, ಯಾವ ನೀರೂ ಇಳಿಯದ ಹಾಗೆ ಮೇಲಿನ ಗೋಡೆಯ ಗುಂಟ ಒಯ್ದೆ. "ಪೂಜಾ ಬಿಡಬ್ಯಾಡ್ರಿ ಕಾಕಾ, ಕಾಯಿ ಹೊಸಲಿನ ಹೊರಗ ಒಡೀರಿ," ಎಂದೆ. ಅವರು ತಲೆಯಾಡಿಸಿ ಚಹಾದ ಲೋಟ ಕೊಟ್ಟರು. ನಿಂತೇ ಕುಡಿದೆ.

ಕೆಲಸ ಮುಗಿದಿತ್ತು, ಬೈಲಹೊಂಗಲದ ದಾರಿ ಹಿಡಿಯಬೇಕಿತ್ತು. ಬೈಕು ಹೂಲಿಯ ಕಡೆ ತಿರುಗಿತು. ಯಾಕೆಂದು ನನ್ನನ್ನು ಕೇಳಿದರೆ ಹೇಳಲಾರೆ. ಆ ಮೂರು ಅಂಕಿ ಕಾಗದದ ಮೇಲೆ ಪಾಸಾಗಿದ್ದವು, ನನ್ನ ಎದೆಯೊಳಗೆ ಇನ್ನೂ ಆಗಿರಲಿಲ್ಲ.

ಹಳ್ಳದಲ್ಲಿ ಹತ್ತಾರು ಜನ. ಜಾಕು ಇಳಿಸುವವರು, ಪೈಪು ಹೊರುವವರು, ಹಲಗೆ ಎಳೆಯುವವರು. ಹನಿ ಬೀಳುತ್ತಿತ್ತು. ಮೇಲಿನ ಊರುಗಳಲ್ಲಿ ಆಗಲೇ ಜೋರು ಬಿದ್ದಿದೆಯಂತೆ. ಮೇಡಂ ದಂಡೆಯ ಮೇಲೆ ನಿಂತು ಕೂಗಿ ಕೂಗಿ ದನಿ ಕಳೆದುಕೊಂಡಿದ್ದರು. ನನ್ನನ್ನು ಕಂಡು, ಸ್ಲ್ಯಾಬಿನ ಮೂಲೆಗೆ ಕಾಯಿ ಕುಟ್ಟಿ ಒಡೆದು, ನೀರಿದ್ದ ಹೋಳನ್ನು ಹುಷಾರಾಗಿ ನನ್ನ ಮುಂದೆ ಹಿಡಿದರು.

"ಹಿಡೀರಿ ಸರ, ಇದನ್ನ ನೀವ ಕುಡದ ಬಿಡ್ರಿ. ಎಲ್ಲೆರೆ ಚೆಲ್ಲಿದ್ರ ಮತ್ತ ನಿಮ್ಮನ್ನ ಕರೀಬೇಕಾಗತೈತಿ."

ಕುಡಿದೆ. ಬೆಳಗಿನಿಂದ ಹೊಟ್ಟೆಗೆ ಬಿದ್ದ ಮೊದಲ ತಂಪು ಅದು. ಹೋಳಿನ ತಳದಲ್ಲಿ ಒಂದು ಹನಿಯೂ ಉಳಿಯದ ಹಾಗೆ ಕುಡಿದೆ.

ಹಳ್ಳದ ಮೇಲ್ಗಡೆಯಿಂದ ಯಾರೋ "ನೀರ ಬಂತು, ನೀರ ಬಂತು" ಎಂದು ಕೂಗಿದರು. ಕೊನೆಯ ಜಾಕನ್ನು ಹೆಗಲಿಗೇರಿಸಿಕೊಂಡವನು ದಂಡೆ ಹತ್ತಿ ಬಂದು ಅದನ್ನು ದೊಪ್ಪೆಂದು ಇಳಿಸಿದ. ಅವನ ಬೆನ್ನಿಗೇ ಕೆಂಪು ನೀರು, ಮುಳ್ಳಿನ ಕಂಟಿಗಳನ್ನು ಉರುಳಿಸುತ್ತ, ಖಾಲಿ ಹಳ್ಳದಲ್ಲಿ ಸ್ಲ್ಯಾಬಿನ ಕೆಳಗೆ ಹಾದುಹೋಯಿತು. ಮೇಲಿನ ಕಾಂಕ್ರೀಟ್ ಮಿಸುಕಲಿಲ್ಲ.

ನಾನು ಸೇತುವೆಯ ನಡುವಿನವರೆಗೆ ನಡೆದುಹೋಗಿ ಕೂತೆ.